ಎಡಗಿವಿಯ ಮೇಲೆ ಬಂದ ಅಪವಾದ

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಹಾಡು ಕೇಳುವ ಅಭ್ಯಾಸ ಇರುವವರಿಗೆ ಇದು ಗೊತ್ತಿರುತ್ತೆ. ವಾಲ್ಯೂಮ್ ತೀರಾ ತಗ್ಗಿಸಿದಾಗ ನಡುವೆ ಕೂತು ಹಾಡುತ್ತಿದ್ದವರು ಎದ್ದು ಬಲಗಡೆ ಹೋಗಿಬಿಡುತ್ತಾರೆ. ಸ್ವಲ್ಪ ಜೋರು ಮಾಡಿ, ಮತ್ತೆ ನಡುವಿಗೆ ಹಾಜರು! ಇದು ದೆವ್ವದ ಕಾಟ ಅಲ್ಲ, ವಾಲ್ಯೂಮ್ ಕಂಟ್ರೋಲಿನ ಹಳೇ ಜಾಯಮಾನ. ಅದರ ಚರಿತ್ರೆ ಸ್ವಾರಸ್ಯವಾಗಿದೆ.

ಒಂದೇ ಚಾನೆಲ್ ಇದ್ದ ಕಾಲದಲ್ಲಿ ಎಡ-ಬಲದ ಜಗಳವೇ ಇರಲಿಲ್ಲ. ಇಎಂಐ ಕಂಪನಿಯ ಇಂಜಿನಿಯರ್ ಆಲನ್ ಬ್ಲಮ್‌ಲೈನ್ 1931ರ ಡಿಸೆಂಬರಿನಲ್ಲಿ ಎರಡು ಚಾನೆಲ್ ಧ್ವನಿಯ ಪೇಟೆಂಟಿಗೆ ಅರ್ಜಿ ಹಾಕಿದ. ಆದರೆ 1942ರಲ್ಲಿ ರಾಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು, 38ನೇ ವಯಸ್ಸಿಗೇ ತೀರಿಕೊಂಡ. ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದಿದ್ದು 1958ರಲ್ಲಿ.

ಚಾನೆಲ್ ಎರಡಾದರೂ ಕೈಗೆ ಒಂದೇ ನಾಬ್ ಬೇಕಲ್ಲ? ಒಂದೇ ಸರಳಿಗೆ ಎರಡು ಪಾಟ್ ಜೋಡಿಸಿದರು, ಜೋಡೆತ್ತಿಗೆ ಒಂದೇ ನೊಗ ಕಟ್ಟಿದ ಹಾಗೆ. ಆದರೆ ಎತ್ತುಗಳು ಸಮ ಹೆಜ್ಜೆ ಹಾಕಬೇಕಲ್ಲ! ನಮ್ಮ ಕಿವಿ ಕೂಡುವ ಲೆಕ್ಕಕ್ಕಿಂತ ಗುಣಿಸುವ ಲೆಕ್ಕಕ್ಕೆ ಹತ್ತಿರ. ಅದಕ್ಕೇ ವಾಲ್ಯೂಮಿಗೆ 'ಲಾಗ್' ಪಾಟ್ ಬೇಕು. ಅಗ್ಗದ ಪಾಟಿನಲ್ಲಿ ಲಾಗ್ ಅನ್ನುವುದು ಹೆಸರಿಗಷ್ಟೇ. ಬೇರೆ ಬೇರೆ ರೆಸಿಸ್ಟೆನ್ಸಿನ ಕಾರ್ಬನ್ ತುಂಡುಗಳನ್ನು ಸೇರಿಸಿ ಆ ವಕ್ರರೇಖೆಯನ್ನು ಸುಮಾರಾಗಿ ತರುತ್ತಾರೆ. ಎಡದ ಪಟ್ಟಿಯೂ ಬಲದ ಪಟ್ಟಿಯೂ ಒಂದೇ ಥರ ಬರುವುದು ಅಪರೂಪ.

ನಾಬ್ ಕೆಳಗಿದ್ದಾಗ ಎಡಕ್ಕೆ ಸಿಗ್ನಲ್ಲಿನ 1 ಶೇಕಡಾ, ಬಲಕ್ಕೆ 1.3 ಶೇಕಡಾ ಹೋಯಿತು ಅಂತಿಟ್ಟುಕೊಳ್ಳಿ. ವ್ಯತ್ಯಾಸ ಬರೀ 0.3. ಆದರೆ ಕಿವಿಯ ಲೆಕ್ಕದಲ್ಲಿ ಅದು 2.3 ಡೆಸಿಬೆಲ್, ಹಾಡುಗಾರರನ್ನು ಪಕ್ಕಕ್ಕೆ ಸರಿಸಲು ಧಾರಾಳವಾಗಿ ಸಾಕು. ಅದೇ ಮೇಲ್ಗಡೆ 80ಕ್ಕೆ 80.3 ಆದರೆ ಏನೂ ಗೊತ್ತಾಗಲ್ಲ.

ಹಾಗಾದರೆ ಹಳಬರು ಯಾಕೆ ಅಷ್ಟಾಗಿ ಬೈದುಕೊಳ್ಳಲಿಲ್ಲ? ಟೇಪು, ಟ್ಯೂನರುಗಳಿಂದ ಬರುತ್ತಿದ್ದ ಸಿಗ್ನಲ್ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ, ನಾಬನ್ನು ಮೇಲಕ್ಕೆ ತಿರುಗಿಸಲೇಬೇಕಿತ್ತು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸೀಡಿ ಪ್ಲೇಯರ್ ಮಾರಾಟಕ್ಕೆ ಬಂತು. ಸೀಡಿ ಪ್ಲೇಯರ್ ಅಂದರೆ ಸುಮಾರು 2 ವೋಲ್ಟ್! ಹಳೇ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿದರೆ ನಾಬ್ ಎಂಟು-ಒಂಬತ್ತು ಗಂಟೆಯ ಮುಳ್ಳಿನ ಜಾಗ ದಾಟುವಂತಿಲ್ಲ. ಪಾಟ್ ಅತಿ ಹೆಚ್ಚು ತಪ್ಪುವುದೂ ಅಲ್ಲೇ. ಸ್ಟೀರಿಯೋ ಜೊತೆ ಹುಟ್ಟಿದ ದೋಷ ಸೀಡಿಯಿಂದ ಬಯಲಾಯಿತು ಅನ್ನೋದು ನನ್ನ ಲೆಕ್ಕಾಚಾರ.

ನಮ್ಮಪ್ಪ ರಾತ್ರಿ ಮನ್ಸೂರರನ್ನು ಕೇಳುವವರು. "ಎಡಗಿವಿ ಹೋಯ್ತು ಕಣಪ್ಪ" ಅಂತ ತಿಂಗಳುಗಟ್ಟಲೆ ಕೊರಗಿ, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದರು. ರಿಪೇರಿಯವನೊಬ್ಬ ಸ್ಪೀಕರ್ ಬದಲಿಸಿ ಅಂದಿದ್ದ. ನಾನು ಅಪ್ಪನನ್ನು ಸ್ಪೀಕರಿಗೆ ಬೆನ್ನು ಹಾಕಿ ಕೂರಿಸಿದೆ. "ಈಗ ಎಡಗಡೆನೇ ಜಾಸ್ತಿ ಕೇಳ್ತಿದೆ!" ಅಂದರು. ಕಿವಿ ನಿರ್ದೋಷಿ ಅಂತ ತೀರ್ಪಾಯಿತು.

ಮುಂದಿನ ತನಿಖೆ ಸುಲಭ. ಮೊದಲು ಪ್ಲೇಯರಿನ ಎಡ-ಬಲ ವೈರ್ ಅದಲುಬದಲು ಮಾಡಿ. ಕ್ಷೀಣ ದನಿ ಆ ಕಡೆಗೆ ಹೋದರೆ ತೊಂದರೆ ಪ್ಲೇಯರಿನಲ್ಲಿ. ಹೋಗದಿದ್ದರೆ ಅವನ್ನು ಮೊದಲಿನಂತೆ ಹಾಕಿ, ಕರೆಂಟ್ ತೆಗೆದು ಸ್ಪೀಕರ್ ವೈರ್ ಬದಲಿಸಿ. ಆಗಲೂ ಅಲ್ಲೇ ಇದ್ದರೆ ಸ್ಪೀಕರ್, ಆ ಕಡೆಗೆ ಹೋದರೆ ಆಂಪ್ಲಿಫೈಯರ್. ಅದರಲ್ಲೂ ಜೋರು ಮಾಡಿದ ಕೂಡಲೇ ಸರಿಹೋದರೆ ಹೆಚ್ಚಾಗಿ ಪಾಟೇ ಕಾರಣ. ಬ್ಯಾಲೆನ್ಸ್ ನಾಬ್ ತಿರುಗಿಸಿ ಪ್ರಯೋಜನವಿಲ್ಲ, ಮೆಲುದನಿಗೆ ಹೊಂದಿಸಿದ್ದು ಜೋರುದನಿಗೆ ತಪ್ಪುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕರಕರ ಸದ್ದು ಹೋದೀತು, ಹುಟ್ಟುಗುಣ ಮಾತ್ರ ಸುಟ್ಟರೂ ಹೋಗದು.

1980ರಲ್ಲಿ ಪೀಟರ್ ಬ್ಯಾಕ್ಸಂಡಾಲ್ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಸಾದಾ ಲೀನಿಯರ್ ಪಾಟಿನಿಂದಲೇ ಲಾಗ್ ಥರದ ನಡತೆ ತರುವ ಸರ್ಕ್ಯೂಟ್ ಕೊಟ್ಟ. ಲಾಗ್ ಪಟ್ಟಿಯ ಹಂಗೇ ತಪ್ಪಿತು. ಮುಂದೆ ಎಷ್ಟೋ ಸೆಟ್ಟುಗಳಲ್ಲಿ ಪಾಟಿನ ಜಾಗಕ್ಕೆ ಚಿಪ್ ಬಂತು.

ಅಪ್ಪನ ಸೆಟ್ಟಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಪ್ಲೇಯರಿನ ವೈರಿನಲ್ಲಿ ಚಾನೆಲ್ಲಿಗೆ ಎರಡೆರಡು ರೆಸಿಸ್ಟರ್ ಹಾಕಿ ಸಿಗ್ನಲ್ಲನ್ನು ಕಾಲುಭಾಗಕ್ಕೆ ಇಳಿಸಿದೆ. ಈಗ ನಾಬ್ ಹನ್ನೊಂದು ಗಂಟೆಯ ಜಾಗಕ್ಕೆ ಹೋಗುತ್ತೆ, ಮನ್ಸೂರರು ನಡುವೆಯೇ ಕೂತು ಹಾಡುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಒಂದು ಕಿವಿಯನ್ನು ದೂರುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಬೇಡ ಅನ್ನಲ್ಲ. ಹಾಗೇ ಒಮ್ಮೆ ಬೆನ್ನು ತಿರುಗಿಸಿಯೂ ಕೂರಿಸಿ ನೋಡಿ.