ಜಲಾನಯನ ಅಭಿವೃದ್ಧಿ: ಕಾಮಗಾರಿಗಳ ಸ್ಥಳ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಒಂದು ಹಳ್ಳಕ್ಕೆ ಅಥವಾ ಕೆರೆಗೆ ಮಳೆನೀರು ಹರಿದುಬರುವ ಸಂಪೂರ್ಣ ಭೂಪ್ರದೇಶವನ್ನು ಜಲಾನಯನವೆಂದು ಕರೆಯಲಾಗುತ್ತದೆ. ಇದರ ಎಲ್ಲೆಯನ್ನು ನಿರ್ಧರಿಸುವುದು ಭೂಮಿಯ ಇಳಿಜಾರೇ ಹೊರತು ಗ್ರಾಮದ ಗಡಿಯಾಗಲಿ ಸರ್ವೆ ನಂಬರಾಗಲಿ ಅಲ್ಲ. ಸುಮಾರು 500 ಹೆಕ್ಟೇರ್ ವಿಸ್ತೀರ್ಣದ ಕಿರು ಜಲಾನಯನವನ್ನು ಒಂದು ಘಟಕವೆಂದು ಪರಿಗಣಿಸಿ, ಇಂತಹ ಹಲವು ಘಟಕಗಳನ್ನು ಒಳಗೊಂಡ ಉಪ ಜಲಾನಯನಕ್ಕೆ ಯೋಜನೆ ರೂಪಿಸಲಾಗುತ್ತದೆ. ತಮ್ಮ ಜಮೀನಿನ ಪಕ್ಕದ ಹಳ್ಳಕ್ಕೆ ತಡೆ ಅಣೆ ಬೇಕೆಂದು ರೈತ ಬಾಂಧವರು ಕೋರುವುದು ಸಹಜ. ಅಂತಹ ಕೋರಿಕೆಯನ್ನು ಪ್ರತ್ಯೇಕವಾಗಿ ಏಕೆ ತೀರ್ಮಾನಿಸಲಾಗದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ವಿಶ್ವ ಬ್ಯಾಂಕ್ ನೆರವಿನ ಸುಜಲ ಯೋಜನೆಯನ್ನು 2001ರಿಂದ 2009ರವರೆಗೆ ಅಂದಿನ ಅವಿಭಜಿತ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಹಾಗೂ ಧಾರವಾಡ ಜಿಲ್ಲೆಗಳ 77 ಉಪ ಜಲಾನಯನಗಳಲ್ಲಿ ಅನುಷ್ಠಾನಗೊಳಿಸಲಾಯಿತು. 2012ರಲ್ಲಿ ಅನುಮೋದನೆಗೊಂಡ ಸುಜಲ-3 ಯೋಜನೆಯಡಿ 11 ಜಿಲ್ಲೆಗಳಲ್ಲಿ 1:7,920 ಪ್ರಮಾಣದ ನಕ್ಷೆಗಳ ಆಧಾರದ ಮೇಲೆ ಭೂ ಸಂಪನ್ಮೂಲ ಸಮೀಕ್ಷೆ ನಡೆಸಲಾಯಿತು. ಇದರಿಂದ ಮಣ್ಣಿನ ಆಳ, ಇಳಿಜಾರು ಮತ್ತು ಸವಕಳಿಯ ವಿವರಗಳು ಸರ್ವೆ ನಂಬರುವಾರು ದೊರೆಯುವಂತಾಯಿತು.

ದಿಣ್ಣೆಯಿಂದ ಕಣಿವೆಗೆ

ಕಾಮಗಾರಿಗಳನ್ನು ಎತ್ತರದ ಭಾಗದಿಂದ ಆರಂಭಿಸಿ ಕೆಳಕ್ಕೆ ಕೈಗೊಳ್ಳತಕ್ಕದ್ದು. ಮೇಲ್ಭಾಗದಲ್ಲಿ ಸಮಪಾತಳಿ ಕಂದಕ ಹಾಗೂ ಕಲ್ಲುತಡೆ, ಮಧ್ಯಭಾಗದ ಹೊಲಗಳಲ್ಲಿ ಬದು ಮತ್ತು ಕೃಷಿ ಹೊಂಡ, ಹಳ್ಳದಲ್ಲಿ ಕೊನೆಗೆ ತಡೆ ಅಣೆ ಎಂಬುದು ಇದರ ಕ್ರಮ. ಕ್ರಮ ತಪ್ಪಿ ಕೆಳಗೆ ಮೊದಲು ಅಣೆ ಕಟ್ಟಿದಲ್ಲಿ, ಬೋಳು ದಿಣ್ಣೆಯಿಂದ ಕೊಚ್ಚಿ ಬಂದ ಮಣ್ಣು ಕೆಲವೇ ಮಳೆಗಾಲಗಳಲ್ಲಿ ಅದನ್ನು ತುಂಬಿಬಿಡುತ್ತದೆ. ಆನಂತರ ಉಳಿಯುವುದು ಕಾಂಕ್ರೀಟ್ ಮಾತ್ರ.

ಕೆಳಭಾಗದ ಕೆರೆಗಳ ಹಿತ

ನಮ್ಮ ಬಯಲುಸೀಮೆಯ ಕೆರೆಗಳು ಸರಪಣಿಯಂತೆ ಒಂದಕ್ಕೊಂದು ಹೊಂದಿಕೊಂಡಿದ್ದು, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುತ್ತದೆ. ಮೇಲ್ಭಾಗದಲ್ಲಿ ಅಣೆಗಳು ಮಿತಿಮೀರಿದಲ್ಲಿ, ಅಲ್ಲಿನ ಕೊಳವೆ ಬಾವಿಗಳಿಗೆ ಅನುಕೂಲವಾದರೂ ಕೆಳಗಿನ ಕೆರೆಗೆ ಒಳಹರಿವು ತಗ್ಗುತ್ತದೆ. ಒಬ್ಬರ ಹೊಲದಲ್ಲಿ ಇಂಗಿಸಿದ ನೀರು ಮತ್ತೊಬ್ಬರ ಅಚ್ಚುಕಟ್ಟಿಗೆ ಬರಬೇಕಾಗಿದ್ದ ನೀರಾಗಿರಬಹುದು ಎಂಬುದನ್ನು ಅರ್ಜಿದಾರರು ಗಮನಿಸಬೇಕು. ಕೆರೆ ಬತ್ತಿದಲ್ಲಿ ನಷ್ಟ ರೈತರಿಗೆ ಮಾತ್ರವಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ವಲಸೆ ಬರುವ ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು. ಇವೆರಡೂ ಜನರೇ ಕಟ್ಟಿದ ಗ್ರಾಮದ ಕೆರೆಗಳೆಂಬುದು ಗಮನಾರ್ಹ.

ಗೋಮಾಳ ಮತ್ತು ಕಾವಲುಗಳು

ಮರಗಳಿಲ್ಲದ ಭೂಮಿಯೆಲ್ಲವೂ ಪಾಳುಭೂಮಿ ಎಂಬ ತಿಳಿವಳಿಕೆ ಸರಿಯಲ್ಲ. ಹಿಂದೆ ಸರ್ಕಾರಿ ಕಾರ್ಯಕ್ರಮಗಳಲ್ಲಿಯೂ ಈ ತಿಳಿವಳಿಕೆಯೇ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ರಾಣೆಬೆನ್ನೂರಿನ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು. ಒಂದು ಕಾಲದಲ್ಲಿ ಅಲ್ಲಿ ಕಾಣಸಿಗುತ್ತಿದ್ದ ಎರೆಭೂತ ಹಕ್ಕಿ ಇಂದು ಅಲ್ಲಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಂಡು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಟ್ಟು ನೀರನ್ನು ಇಂಗಿಸುತ್ತವೆ; ಅದೇ ಹುಲ್ಲು ಕುರಿಗಾಹಿಗಳ ಜೀವನಾಧಾರವೂ ಹೌದು. ಆದ್ದರಿಂದ ಹುಲ್ಲು ಚೆನ್ನಾಗಿರುವ ಕಡೆ ಗುಂಡಿ ತೋಡಿ ಸಸಿ ನೆಡುವುದು ಸೂಕ್ತವಲ್ಲ. ಹುಲ್ಲು ಕ್ಷೀಣಿಸಿದ ಕಡೆ ಸರದಿ ಮೇಯಿಸುವಿಕೆಗೆ ಅವಕಾಶ ನೀಡಿ ಸ್ಥಳೀಯ ಹುಲ್ಲಿನ ಬೀಜ ಬಿತ್ತುವುದು ಮೇಲು. ಮೇಯಿಸುವ ಕುಟುಂಬಗಳನ್ನು ಕೇಳದೆ ಗೋಮಾಳಕ್ಕೆ ಬೇಲಿ ಹಾಕಿದ ಕಡೆ ಬೇಲಿಯೂ ಉಳಿಯುವುದಿಲ್ಲ, ಸಸಿಯೂ ಉಳಿಯುವುದಿಲ್ಲ.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಸ್ವಂತ ಜಮೀನಿನ ಬದು ಅಥವಾ ಕೃಷಿ ಹೊಂಡದ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಪಹಣಿ ಪ್ರತಿ ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಜೊತೆಗೆ ಒಯ್ಯುವುದು. ಹಳ್ಳ, ಗೋಮಾಳ ಮುಂತಾದ ಸಾಮೂಹಿಕ ಸ್ಥಳಗಳ ಕಾಮಗಾರಿಯ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಮನವಿಯಲ್ಲಿ ಹಳ್ಳದ ಹೆಸರು, ಮೇಲ್ಭಾಗದಲ್ಲಿ ಈಗಾಗಲೇ ಇರುವ ಅಣೆಗಳ ಸಂಖ್ಯೆ ಹಾಗೂ ಆ ನೀರು ಸೇರುವ ಕೆರೆಯ ಹೆಸರನ್ನು ನಮೂದಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ. ಕೆಳಭಾಗದ ಗ್ರಾಮಸ್ಥರು ಸಹ ತಮ್ಮ ಆಕ್ಷೇಪಣೆಗಳನ್ನು ಕಾಮಗಾರಿ ಆರಂಭವಾಗುವ ಮೊದಲೇ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.