ಪಂಚಧಾತ್ರಿಯರು ಮತ್ತು ಶ್ರಾವಕಧರ್ಮ

ಭಗವಜ್ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಇಂದ್ರನು ಶಿಶು ವೃಷಭದೇವನ ಲಾಲನೆಗಾಗಿ ದೇವಿಯರನ್ನೇ ಧಾತ್ರಿಯರನ್ನಾಗಿ ನೇಮಿಸುವ ಪ್ರಸಂಗವಿದೆ. ಮಜ್ಜನ, ಮಂಡನ, ಸ್ತನ್ಯ, ಸಂಸ್ಕಾರ, ಕ್ರೀಡೆ ಎಂದು ಅವರ ಕಾರ್ಯಗಳು ಬೇರೆಬೇರೆಯಾಗಿವೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿಯೂ ಶ್ರೇಣಿಕ ಮಹಾರಾಜನ ಪುತ್ರ ಮೇಘಕುಮಾರನಿಗೆ ಐವರು ಧಾತ್ರಿಯರು: ಹಾಲೂಡುವವಳು, ಮೀಯಿಸುವವಳು, ಸಿಂಗರಿಸುವವಳು, ಆಡಿಸುವವಳು, ಮಡಿಲಲ್ಲಿ ಹೊತ್ತುಕೊಳ್ಳುವವಳು. ಒಂದು ಮಗುವನ್ನು ಸಲಹುವುದು ಐದು ಬಗೆಯ ದುಡಿಮೆಯೆಂದು ಪೂರ್ವಾಚಾರ್ಯರು ಎಣಿಸಿದ್ದರು. ಇಂದಿನ ನಗರದ ಮನೆಗಳಲ್ಲಿ ಆ ದುಡಿಮೆಯ ಬಹುಪಾಲು ಒಬ್ಬಳೇ ಆಯಾಳ ಹೆಗಲಿಗೆ ಬಿದ್ದಿದೆ. ಅದರ ಮೇಲೆ ಪಾತ್ರೆ, ಬಟ್ಟೆ, ಕಸಗುಡಿಸುವ ಕೆಲಸಗಳೂ ಸೇರುವುದುಂಟು.

ಧಾತ್ರಿಯನ್ನು ಆರಿಸುವ ಬಗೆಯನ್ನು ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು ವಿವರಿಸುತ್ತದೆ. ಅವಳು ನಿರೋಗಿಯೂ ಶುಚಿಯೂ ಸುಶೀಲೆಯೂ ಆಗಿರಬೇಕು. ಅವಳ ಸ್ವಂತ ಮಗು ಬದುಕಿರಬೇಕು. ಪರೀಕ್ಷೆಯೆಲ್ಲ ಧಾತ್ರಿಗೆ, ನೇಮಿಸಿಕೊಳ್ಳುವ ಮನೆಗಲ್ಲ. ಅನ್ಯರ ಶಿಶುವಿಗೆ ಹಾಲೂಡಿದವಳ ಸ್ವಂತ ಶಿಶುವನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆ ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ. ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಒಡೆಯನ ಹೊಣೆಯನ್ನು ಹೇಳುವ ಗ್ರಂಥಗಳೂ ಇವೆ. ಕೌಟಿಲ್ಯನ ಅರ್ಥಶಾಸ್ತ್ರದ 3ನೆಯ ಅಧಿಕರಣದ ಪ್ರಕಾರ ಕೆಲಸದವರ ಕರಾರು ನೆರೆಹೊರೆಯವರಿಗೆ ತಿಳಿದಿರಬೇಕು. ಮಾತಾಡಿಕೊಂಡ ವೇತನ ಸಲ್ಲಬೇಕು. ಕೊಡದ ಒಡೆಯನಿಗೆ ದಂಡ. ತನ್ನ ವಶದಲ್ಲಿರುವ ಧಾತ್ರಿಯನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಕೂಡಿದವನಿಗೂ ಅಲ್ಲಿ ದಂಡ ವಿಧಿಸಲಾಗಿದೆ. ಮಾತು ಸ್ಪಷ್ಟವಾಗಿರಬೇಕು, ಸಾಕ್ಷಿ ಇರಬೇಕು ಎಂಬ ಈ ವಿಧಿ ವ್ಯಾಪಾರಸ್ಥರಿಗೆ ಹೊಸದಲ್ಲ. ಅಂಗಡಿಯ ಗುಮಾಸ್ತನಿಗೆ ಲೆಕ್ಕ ಬರೆದಿಡುವವರು ಮನೆಯ ಆಯಾಳಿಗೆ ಬಾಯಿಮಾತಿನಲ್ಲಿಯೇ ಮುಗಿಸುವುದು ಸೋಜಿಗ.

ಜ್ಞಾತಾಧರ್ಮಕಥಾದ 2ನೆಯ ಅಧ್ಯಯನವು ವರ್ತಕಕುಲದ ಕಥೆಯನ್ನೇ ಹೇಳುತ್ತದೆ. ರಾಜಗೃಹದ ಧನ್ಯ ಸಾರ್ಥವಾಹನಿಗೂ ಭದ್ರೆಗೂ ಬಹುಕಾಲದ ಹರಕೆಯ ಫಲವಾಗಿ ದೇವದತ್ತನೆಂಬ ಮಗನು ಹುಟ್ಟಿದನು. ಅವನನ್ನು ಆಡಿಸುವ ಕೆಲಸ ಪಂಥಕನೆಂಬ ದಾಸಹುಡುಗನದು. ಒಂದು ದಿನ ಭದ್ರೆ ಮಗುವಿಗೆ ಒಡವೆಗಳನ್ನೆಲ್ಲ ತೊಡಿಸಿ ಪಂಥಕನ ಕೈಗೆ ಕೊಟ್ಟಳು. ಅವನು ಮಗುವನ್ನು ಬೀದಿಯ ಒಂದು ಕಡೆ ಕೂರಿಸಿ ಇತರ ಮಕ್ಕಳೊಡನೆ ಆಟಕ್ಕೆ ತೊಡಗಿದನು. ವಿಜಯನೆಂಬ ಕಳ್ಳನು ಒಡವೆಗಾಗಿ ಮಗುವನ್ನು ಕದ್ದೊಯ್ದು ಕೊಂದು ಹಾಳುಬಾವಿಗೆ ಎಸೆದನು. ಮುಂದೆ ಧನ್ಯನು ಬೇರೊಂದು ಸಣ್ಣ ಅಪರಾಧಕ್ಕಾಗಿ ಸೆರೆಗೆ ಬಿದ್ದಾಗ ಊಟದ ಬುತ್ತಿ ಹೊತ್ತು ಹೋದವನು ಅದೇ ಪಂಥಕ. ಕಥೆಯ ತಾತ್ಪರ್ಯ ದೇಹವನ್ನು ಮೋಹವಿಲ್ಲದೆ ಪೋಷಿಸಬೇಕೆಂಬುದು. ಆದರೆ ಗೃಹಸ್ಥರು ಗಮನಿಸಬೇಕಾದ ಇನ್ನೆರಡು ಅಂಶಗಳು ಅದರಲ್ಲಿವೆ. ಆಟವಾಡುವ ವಯಸ್ಸಿನವನಿಗೆ ಮಗುವನ್ನೂ ಮಗುವಿನ ಮೈಮೇಲಿನ ಚಿನ್ನವನ್ನೂ ಒಪ್ಪಿಸಿದ ತಪ್ಪು ಹಿರಿಯರದು. ಅಷ್ಟು ದೊಡ್ಡ ದುಃಖದ ನಂತರವೂ ಆ ಹುಡುಗನು ಆ ಮನೆಯ ಸೇವೆಯಲ್ಲಿಯೇ ಉಳಿದಿದ್ದನು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಎತ್ತು ಕುದುರೆಗಳಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುವುದು ಸುಲಭ. ಹೊರಗೆ ಹೋಗಗೊಡದೆ ಮನೆಯಲ್ಲಿಯೇ ಇರಿಸಿಕೊಳ್ಳುವುದು ಬಂಧವಲ್ಲವೇ? ಐವರ ಕೆಲಸವನ್ನು ಒಬ್ಬಳ ಮೇಲೆ ಹೊರಿಸುವುದು ಅತಿಭಾರವಲ್ಲವೇ? ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಹೊತ್ತುಮೀರಿ ಬಡಿಸುವುದು ಅನ್ನಪಾನನಿರೋಧವಲ್ಲವೇ? ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. "ನಿಮ್ಮಲ್ಲಿಯೇ ಇರಲಿ ಅಮ್ಮಾ" ಎಂದು ಆಯಾ ಬಿಟ್ಟುಹೋದ ಸಂಬಳವೂ ನ್ಯಾಸವೇ. ಅವಳು ಲೆಕ್ಕ ಮರೆತರೂ ಮನೆಯವರು ಮರೆಯಬಾರದು.

ಅದೇ ಅಧ್ಯಾಯವು ಪರಿಗ್ರಹದ ಮಿತಿಯನ್ನು ಹೇಳುವಾಗ ಹೊಲ, ಚಿನ್ನ, ಧಾನ್ಯಗಳೊಡನೆ ದಾಸೀದಾಸರನ್ನೂ ಎಣಿಸಿದೆ. ಅಂದಿನ ಸಮಾಜದಲ್ಲಿ ಮನುಷ್ಯರೂ ಸೊತ್ತಾಗಿದ್ದರೆಂಬ ಸತ್ಯವನ್ನು ಮರೆಮಾಚಬೇಕಾಗಿಲ್ಲ. 1843ರ ಕಾಯಿದೆಯು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಲ್ಲಿ ದಾಸ್ಯಕ್ಕಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ದೇಶದಲ್ಲಿ ನಿಷಿದ್ಧವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ 189ನೆಯ ಒಡಂಬಡಿಕೆಯು ಮನೆಗೆಲಸದವರಿಗೆ ವಾರಕ್ಕೊಮ್ಮೆ ಕನಿಷ್ಠ 24 ಗಂಟೆಗಳ ಸತತ ವಿಶ್ರಾಂತಿ ಇರಬೇಕೆಂದಿತು.

ಕಾನೂನು ಹೊರಗಿನಿಂದ ಬಂದು ಬಾಗಿಲು ತಟ್ಟುವ ಮೊದಲೇ ವ್ರತವು ಒಳಗಿನಿಂದ ಎಚ್ಚರಿಸಬೇಕು. ಆಯಾಳನ್ನು ನೇಮಿಸುವಾಗ ಕೆಲಸವೆಷ್ಟು, ವೇಳೆಯೆಷ್ಟು, ಸಂಬಳವೆಷ್ಟು, ರಜೆ ಯಾವಾಗ ಎಂಬುದನ್ನು ಬರೆದು ಓದಿ ಹೇಳಬೇಕು. ಒಪ್ಪಿದ ತಾರೀಖಿಗೆ ಸಂಬಳ ಸಲ್ಲಬೇಕು. ಒಡವೆ ಕಾಣದಾದಾಗ ಮೊದಲು ಬೀರುವನ್ನು ಹುಡುಕಬೇಕು, ಅವಳ ಚೀಲವನ್ನಲ್ಲ. ಅವಳ ಮಗುವಿಗೆ ಜ್ವರ ಬಂದ ದಿನ ಅವಳನ್ನು ಮನೆಗೆ ಕಳುಹಿಸಿ, ಆ ದಿನದ ಸಂಬಳವನ್ನು ಕಡಿಯದೆ ಇರುವುದೇ ಚರಕನ ಕಾಲದಿಂದ ಉಳಿದುಬಂದ ಪ್ರಶ್ನೆಗೆ ಶ್ರಾವಕನು ಕೊಡಬಹುದಾದ ಉತ್ತರ.