ಮತ್ತವಾರಣಿ: ಆನೆಸಾಲೋ, ಒರಗುಜಗಲಿಯೋ?

ಭರತನ ನಾಟ್ಯಶಾಸ್ತ್ರವು ರಂಗಪೀಠದ ಪಕ್ಕದಲ್ಲಿ ಕಟ್ಟಬೇಕೆಂದು ವಿಧಿಸುವ ‘ಮತ್ತವಾರಣಿ’ ಎಂಬ ಅಂಗದ ವಿಷಯದಲ್ಲಿ, ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಬಂದ ಆ ಗ್ರಂಥದ ಮೊದಲ ಸಂಪುಟದ 1956ರ ಪರಿಷ್ಕೃತ ಆವೃತ್ತಿಗೆ ಡಿ. ಸುಬ್ಬರಾವ್ ಬರೆದ ಅನುಬಂಧದಷ್ಟು ಆಕರ್ಷಕವಾಗಿ ದಾರಿ ತಪ್ಪಿಸಿದ ಬರಹ ಇನ್ನೊಂದಿಲ್ಲ. ಅವರ ಮತದಲ್ಲಿ ಅದು ಜನ ಏರಬಹುದಾದ ಜಾಗವೇ ಅಲ್ಲ, ರಂಗಪೀಠದ ತಳಗಟ್ಟಿನ ಮುಂಭಾಗದಲ್ಲಿ ಬಿಡಿಸಿದ ಮದ್ದಾನೆಗಳ ಪಟ್ಟಿಕೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಳಪಟ್ಟಿಕೆಯ ಆನೆಗಳನ್ನು ಕಂಡವರಿಗೆ ಈ ಅರ್ಥ ಥಟ್ಟನೆ ಹಿಡಿಸುತ್ತದೆ, ಮತ್ತು ‘ವಾರಣ’ ಎಂದರೆ ಆನೆ ಎಂದು ಕಂಡೊಡನೆ ನಿಘಂಟನ್ನು ಮುಚ್ಚಿಡುವ ಅಭ್ಯಾಸವುಳ್ಳ ವಿದ್ವಾಂಸರಿಗೆ ಇನ್ನೂ ಬೇಗ ಹಿಡಿಸಿದೆ.

ಮೂಲದ ವಿಧಿ ಹೇಳುವುದಿಷ್ಟು: ಮತ್ತವಾರಣಿಯು ರಂಗಪೀಠದ ಪಾರ್ಶ್ವದಲ್ಲಿರಬೇಕು, ನಾಲ್ಕು ಕಂಬಗಳಿಂದ ಕೂಡಿರಬೇಕು, ಅಳತೆಯಲ್ಲಿ ರಂಗಪೀಠವನ್ನು ಅನುಸರಿಸಬೇಕು, ಒಂದೂವರೆ ಹಸ್ತ ಎತ್ತರವಿರಬೇಕು. ಹಸ್ತವೆಂದರೆ 24 ಅಂಗುಲದ ಮೊಳ, ಆದ್ದರಿಂದ ಈ ಎತ್ತರ ಸುಮಾರು 68 ಸೆಂಟಿಮೀಟರ್. ಈ ಅಳತೆಯೊಂದನ್ನೇ ಹಿಡಿದರೆ ಅದು ಪಟ್ಟಿಕೆಗೂ ಒಪ್ಪೀತು. ಆದರೆ ಪಟ್ಟಿಕೆಗೆ ನಾಲ್ಕು ಕಂಬಗಳೇಕೆ? ಆ ಕಂಬಗಳ ಬುಡದಲ್ಲಿ ಕಬ್ಬಿಣವನ್ನಿಡಬೇಕೆಂದೂ ಮತ್ತವಾರಣಿಯಲ್ಲಿ ಹೂಮಾಲೆ, ಧೂಪ, ಗಂಧ, ಬಣ್ಣಬಣ್ಣದ ವಸ್ತ್ರ, ಭೂತಗಳಿಗೆ ಪ್ರಿಯವಾದ ಬಲಿ ಇವನ್ನು ಸಲ್ಲಿಸಬೇಕೆಂದೂ ಮುಂದಿನ ಶ್ಲೋಕಗಳು ಹೇಳುತ್ತವೆ. ಅಲ್ಲಿ ಬಳಕೆಯಾಗಿರುವ ಸಪ್ತಮಿ ವಿಭಕ್ತಿ ಗಮನಾರ್ಹ: ಅರ್ಪಣೆ ಸಲ್ಲುವುದು ಅದರ ಎದುರಿಗಲ್ಲ, ಅದರಲ್ಲಿ.

ಇದಕ್ಕಿಂತ ಬಲವಾದ ಸಾಕ್ಷ್ಯ ಮೊದಲನೆಯ ಅಧ್ಯಾಯದಲ್ಲಿದ್ದು, ರಂಗಮಂದಿರದ ಚರ್ಚೆಯನ್ನು ಎರಡನೆಯ ಅಧ್ಯಾಯಕ್ಕೇ ಸೀಮಿತಗೊಳಿಸಿಕೊಂಡವರ ಕಣ್ಣಿಗೆ ಅದು ಬೀಳುವುದಿಲ್ಲ. ವಿಘ್ನಗಳಿಂದ ನಾಟ್ಯವನ್ನು ಕಾಪಾಡಲು ದೇವತೆಗಳನ್ನು ಕಟ್ಟಡದ ಒಂದೊಂದು ಅಂಗಕ್ಕೂ ನೇಮಿಸುವ ಆ ಸಂದರ್ಭದಲ್ಲಿ ರಂಗಪೀಠದ ಪಾರ್ಶ್ವದಲ್ಲಿ ಇಂದ್ರನೇ ನಿಲ್ಲುತ್ತಾನೆ, ದೈತ್ಯರನ್ನು ಕೊಲ್ಲುವ ಮಿಂಚು ಮತ್ತವಾರಣಿಯಲ್ಲಿ ನೆಲೆಗೊಳ್ಳುತ್ತದೆ, ಅದರ ಕಂಬಗಳಿಗೆ ಭೂತ, ಯಕ್ಷ, ಪಿಶಾಚ, ಗುಹ್ಯಕರು ಕಾವಲಾಗುತ್ತಾರೆ. ಕಂಬಗಳು ನಾಲ್ಕು, ಕಾವಲಿನ ಗಣಗಳೂ ನಾಲ್ಕು. ಇಷ್ಟು ಹೊಂದಿಕೊಳ್ಳುವ ಎರಡು ಅಧ್ಯಾಯಗಳನ್ನು ಬೇರ್ಪಡಿಸಿ, ಕಂಬಗಳನ್ನು ಬದಿಗೊತ್ತಿ, ಆನೆಗಳನ್ನು ತಂದಿರಿಸುವುದಕ್ಕೆ ಪದದ ಮೋಹವಲ್ಲದೆ ಬೇರೆ ಆಧಾರ ಕಾಣುವುದಿಲ್ಲ.

ಮತ್ತವಾರಣಿ ಒಂದೋ ಎರಡೋ ಎಂಬುದು ಬೇರೆಯೇ ತೊಡಕು, ಇಲ್ಲಿ ಸುಬ್ಬರಾವ್ ಅವರಿಗೆ ನ್ಯಾಯ ಸಲ್ಲಬೇಕು. ‘ಪಾರ್ಶ್ವೇ’ ಎಂಬುದೂ ಮತ್ತವಾರಣಿ ಎಂಬುದೂ ಏಕವಚನದಲ್ಲಿವೆ, ಆದರೆ ರಂಗಮಂಡಪದ ಎತ್ತರವನ್ನು ಹೇಳುವಾಗ ‘ತಯೋಃ’ ಎಂಬ ದ್ವಿವಚನ ಬರುತ್ತದೆ. ಅದು ರಂಗಪೀಠ ಮತ್ತು ಮತ್ತವಾರಣಿ ಎಂಬ ಎರಡನ್ನು ಸೂಚಿಸುತ್ತದೆಂದು ಓದಲು ವ್ಯಾಕರಣದ ಅಡ್ಡಿಯಿಲ್ಲ. ಅಭಿನವಗುಪ್ತನಾದರೋ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಮತ್ತವಾರಣಿಗಳನ್ನು ಒಪ್ಪುತ್ತಾನೆ. 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಪ್ರಮಾಣದ ಮಂದಿರದಲ್ಲಿ ರಂಗಪೀಠದ ಅಗಲ 16 ಹಸ್ತವಾದರೆ ಎರಡು ಬದಿಗಳಲ್ಲಿ ಎಂಟೆಂಟು ಹಸ್ತ ಉಳಿಯುತ್ತದೆ, ಅವನು ಹೇಳುವ ಚೌಕಗಳ ಅಳತೆಯೂ ಎಂಟು ಹಸ್ತವೇ. ಹತ್ತನೆಯ ಶತಮಾನದ ಕೊನೆಯ ಕಾಶ್ಮೀರದ ವ್ಯಾಖ್ಯಾನಕಾರನಿಗೆ ಭರತನ ಕಾಲದ ರಂಗಮಂದಿರ ಕಣ್ಣೆದುರು ಇತ್ತೆಂದು ಯಾರೂ ವಾದಿಸಲಾರರು, ಆದರೂ ಅವನ ಲೆಕ್ಕವನ್ನು ತಳ್ಳಿಹಾಕುವವರು ಆ ಉಳಿದ ಜಾಗಕ್ಕೆ ಏನಾದರೂ ಒಂದು ಉಪಯೋಗವನ್ನು ತೋರಿಸಬೇಕಾಗುತ್ತದೆ.

ಹಾಗಾದರೆ ಆ ಜಾಗ ಎಂಥದು? ಉತ್ತರ ವಾಸ್ತುಗ್ರಂಥಗಳಲ್ಲಿದೆ. ಹನ್ನೊಂದನೆಯ ಶತಮಾನದ ಭೋಜನ ಸಮರಾಂಗಣಸೂತ್ರಧಾರದಲ್ಲಿ ‘ಮತ್ತವಾರಣ’ವು ಕಟ್ಟಡದ ಗೊತ್ತಾದ ಒಂದು ಅಂಗ. ಪಶ್ಚಿಮ ಭಾರತದ ಶಿಲ್ಪಪರಿಭಾಷೆಯಲ್ಲಿ ತೆರೆದ ಮಂಟಪದ ಅಂಚಿನ ಗಿಡ್ಡಗೋಡೆಯು ಕೆಳಗಿನಿಂದ ಮೇಲಕ್ಕೆ ರಾಜಸೇನಕ, ವೇದಿಕೆ, ಆಸನಪಟ್ಟ ಎಂದು ಏರಿ, ಕೊನೆಗೆ ಕೂತವರ ಬೆನ್ನಿಗೆ ಆನಿಕೆಯಾಗುವಂತೆ ಹೊರಕ್ಕೆ ಬಾಗಿದ ಹಲಗೆಗಲ್ಲಿನಲ್ಲಿ ಮುಗಿಯುತ್ತದೆ. ಈ ಕೊನೆಯದೇ ಕಕ್ಷಾಸನ, ಇದರ ಇನ್ನೊಂದು ಹೆಸರೇ ಮತ್ತವಾರಣ. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಅಭಿಧಾನಚಿಂತಾಮಣಿಯಲ್ಲಿ ಮತ್ತವಾರಣವನ್ನು ಮತ್ತಾಲಂಬ, ಅಪಾಶ್ರಯ ಎಂಬ ಪದಗಳ ಜೊತೆಗಿಡುತ್ತಾನೆ. ಅಪಾಶ್ರಯವೆಂದರೆ ಒರಗುವ ಆಸರೆ. ‘ವಾರಣ’ಕ್ಕೆ ತಡೆ ಎಂಬ ಅರ್ಥವೂ ಉಂಟೆಂಬುದನ್ನು ಈ ಸಾಲು ನೆನಪಿಸುತ್ತದೆ: ಮೈಮರೆತವನು ಬೀಳದಂತೆ ತಡೆಯುವುದು ಮತ್ತವಾರಣ, ಅವನಿಗೆ ಆನಿಕೆಯಾಗುವುದು ಮತ್ತಾಲಂಬ. ವಾಸ್ತುಪದಗಳನ್ನು ಕಲ್ಲಿನ ಎದುರಿಟ್ಟು ಓದಿದ ದೇವಾಲಯವಾಸ್ತುವಿನ ಚರಿತ್ರಕಾರ ಎಂ.ಎ. ಢಾಕಿ ಅವರ ಕ್ರಮವನ್ನು ಮೆಚ್ಚುವವರೂ ನಾಟ್ಯಶಾಸ್ತ್ರಕ್ಕೆ ಬಂದಾಗ ಮಾತ್ರ ಅದನ್ನು ಮರೆಯುವುದು ವಿಚಿತ್ರ.

ಆನೆಸಾಲಿಗೆ ಶಿಲ್ಪಿಗಳು ಕೊಟ್ಟ ಹೆಸರು ಬೇರೆಯೇ ಇದೆ, ಅದು ಗಜಥರ. ಅದರ ಮೇಲೆ ಅಶ್ವಥರ, ನರಥರಗಳು ಬರುತ್ತವೆ. ಎರಡು ಅಂಗಗಳಿಗೆ ಎರಡು ಹೆಸರಿರುವಾಗ ಒಂದನ್ನು ಇನ್ನೊಂದಕ್ಕೆ ಅಂಟಿಸುವುದು ಸಲ್ಲದು.

ಭರತನ ಸ್ತ್ರೀಲಿಂಗದ ಮತ್ತವಾರಣಿಗೂ ನಡುಗಾಲದ ನಪುಂಸಕಲಿಂಗದ ಮತ್ತವಾರಣಕ್ಕೂ ನಡುವೆ ಹಲವು ಶತಮಾನಗಳ ಅಂತರವಿದೆ, ಆದ್ದರಿಂದ ನಾಟ್ಯಶಾಸ್ತ್ರದಲ್ಲೂ ಬಾಗಿದ ಒರಗುಗಲ್ಲೇ ಉದ್ದಿಷ್ಟವೆಂದು ಖಚಿತವಾಗಿ ಹೇಳಲಾಗದು. ಅದು ಕಂಬಗಳುಳ್ಳ, ಎತ್ತರಿಸಿದ, ಅಂಚುಗಟ್ಟಿದ ಜಗಲಿ ಎಂಬಷ್ಟು ಮಾತ್ರ ನಿಲ್ಲುತ್ತದೆ, ಒರಗಿನ ಅರ್ಥ ಅದರಿಂದಲೇ ಕವಲೊಡೆದಿರುವುದು ಸಂಭವನೀಯ. ಕೂರಲು ಒಂದೂವರೆ ಮೊಳ ಅತಿ ಎತ್ತರವಾಯಿತೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಆ ಆಕ್ಷೇಪದ ಹಿಂದಿರುವುದು ಕಾಲು ಇಳಿಬಿಟ್ಟು ಕೂರುವ ಕುರ್ಚಿಯ ಕಲ್ಪನೆ. ಇಟಗಿಯ ಮಹಾದೇವ ಗುಡಿಯ (1112) ಮತ್ತು ಅಮೃತಾಪುರದ ಅಮೃತೇಶ್ವರ ಗುಡಿಯ (1196) ತೆರೆದ ಮಂಟಪಗಳಲ್ಲಿ ಒರಗುಗಲ್ಲಿನ ಒಳಬದಿಗೆ ಇರುವುದು ಕಾಲು ಮಡಿಸಿಕೊಂಡು ಕೂರಬಹುದಾದ ಜಗಲಿ, ಅಂಥ ಕಡೆ ಶಿಲ್ಪಿ ಅಳೆಯುವುದು ಮಂಡಿಯ ಎತ್ತರವನ್ನಲ್ಲ, ಜಗಲಿಯ ತಳಗಟ್ಟನ್ನು.